ಗೋಡೆಯ ಗೆರೆ ಅಳಿಸಬೇಡಿ

ನಮ್ಮ ಮನೆ ಕೊಡಗಿನ ನೆಲ್ಯಹುದಿಕೇರಿ ಕಡೆ, ಕಾವೇರಿಗೆ ಹತ್ತಿರ. 2019ರ ಆಗಸ್ಟ್‌ನಲ್ಲಿ ಅಡುಗೆಮನೆವರೆಗೂ ನೀರು ಬಂದಿತ್ತು. ಕಿಟಕಿಯ ಕೆಳಗೆ ಕೆಸರಿನ ಗೆರೆ ಈಗಲೂ ಇದೆ. ಅದರ ಮೇಲೆ ಬಣ್ಣ ಬಳಿಯಲು ಅಮ್ಮ ಬಿಟ್ಟಿಲ್ಲ.

ಮೊನ್ನೆ ಸೈಟ್ ತೋರಿಸಲು ಬಂದವರೊಬ್ಬರು ಮೊಬೈಲ್‌ನಲ್ಲಿ ಒಂದು ನಕ್ಷೆ ತೆಗೆದರು. "ಉಪಗ್ರಹದ ಚಿತ್ರದಲ್ಲೇ ಇಲ್ಲಿ ಪ್ರವಾಹ ಇಲ್ಲ, ನೋಡಿ" ಎಂದರು. ಆ ಜಾಗದಲ್ಲಿ ಸೊಂಟದ ಮಟ್ಟ ನೀರು ನಿಂತಿದ್ದನ್ನು ನಾನೇ ಕಂಡಿದ್ದೇನೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ಕೊಡಗಿನ ಮೇಲೆ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2ರಂಥ ಉಪಗ್ರಹಗಳು ಬೆಳಕಿನಿಂದ ಚಿತ್ರ ತೆಗೆಯುತ್ತವೆ, ಆಗ ಅವುಗಳಿಗೆ ಸಿಗುವುದೂ ಮೋಡವೇ. ಸೆಂಟಿನೆಲ್-1 ಎಂಬ ಇನ್ನೊಂದು ಉಪಗ್ರಹದಲ್ಲಿ ರಾಡಾರ್ ಇದೆ, ಅದು ತಾನೇ ರೇಡಿಯೊ ಅಲೆ ಕಳಿಸಿ ವಾಪಸ್ ಬಂದದ್ದರಿಂದ ಚಿತ್ರ ಮಾಡುತ್ತದೆ. ಅದರ ಅಲೆ ಮೋಡ ದಾಟಿ ಬರುತ್ತದೆ. ನಿಂತ ನೀರು ಆ ಅಲೆಯನ್ನು ಉಪಗ್ರಹಕ್ಕೆ ವಾಪಸ್ ಸಿಗದಂತೆ ಕನ್ನಡಿಯ ಹಾಗೆ ಅತ್ತ ಹಾರಿಸಿಬಿಡುವುದರಿಂದ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ನಿಜಕ್ಕೂ ಒಳ್ಳೆಯ ವಿದ್ಯೆ. ಆದರೆ ನಮ್ಮ ನೆಲಕ್ಕೆ ಅದೊಂದೇ ಸಾಲದು.

ನಾಟಿಗೆ ನೀರು ಕಟ್ಟಿದ ಗದ್ದೆಯೂ ಕಪ್ಪಾಗಿಯೇ ಕಾಣುತ್ತದೆ, ಅಲ್ವಾ? ಇನ್ನು ಕಾಫಿ ತೋಟದಲ್ಲಿ ನೆರಳಿನ ಮರಗಳ ಎಲೆಗೆ ತಾಗಿಯೇ ಆ ಅಲೆ ವಾಪಸ್ ಹೋಗುತ್ತದೆ. ಅಡಿಯಲ್ಲಿ ಹೊಳೆ ಹರಿಯುತ್ತಿದ್ದರೂ ಗೊತ್ತಾಗುವುದು ಕಷ್ಟ. ಇಷ್ಟು ಸಾಲದು ಎಂಬಂತೆ, ಒಂದು ಉಪಗ್ರಹ ಅದೇ ದಾರಿಗೆ ಮತ್ತೆ ಬರುವುದು 12 ದಿನಕ್ಕೊಮ್ಮೆ. ನಮ್ಮ ಹೊಳೆ ಒಂದೇ ರಾತ್ರಿಯಲ್ಲಿ ಏರಿ, ಮಳೆ ಬಿಟ್ಟರೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಹಾಗಾಗಿ ನಕ್ಷೆಯಲ್ಲಿ ಕಪ್ಪು ಇಲ್ಲ ಎಂದ ಮಾತ್ರಕ್ಕೆ ನೀರು ಬಂದಿಲ್ಲ ಎಂದಲ್ಲ.

ಉಪಗ್ರಹ ಬೇಡ ಎನ್ನುತ್ತಿಲ್ಲ. 1980ರ ದಶಕದಿಂದ ಈಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬೇಸಿಗೆಯವು ಮಾತ್ರ ಆರಿಸಿ ಪಕ್ಕಪಕ್ಕ ಇಟ್ಟು ನೋಡಬಹುದು. ಹೊಳೆ ಬದಿಯ ಗದ್ದೆ ಎಲ್ಲೆಲ್ಲಿ ಲೇಔಟ್ ಆಗಿದೆ ಎಂದು ಕಾಣುತ್ತದೆ. ಆದರೆ ಹೊಳೆಯ ನೀರು ಎಲ್ಲಿವರೆಗೆ ಬರುತ್ತದೆ ಎಂದು ನಕ್ಷೆಯಲ್ಲಿ ಗಡಿ ಎಳೆಯುವವರು ಕರಡಿಗೋಡು, ಗುಹ್ಯ, ಕುಶಾಲನಗರದ ಬೀದಿಗಳಿಗೂ ಬರಬೇಕು. ಗೋಡೆಯ ಗೆರೆಯ ಎತ್ತರ ಅಳೆಯಬೇಕು, ಹಿರಿಯರನ್ನು ಕೇಳಬೇಕು. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಟ್ಟ ಮೇಲೆಯೇ ಹೊಸ ಲೇಔಟಿಗೆ ಒಪ್ಪಿಗೆ ಕೊಡಬೇಕು.

ನಿಮ್ಮ ಮನೆಯಲ್ಲೂ ಅಂಥ ಗೆರೆ ಇದ್ದರೆ ಬಣ್ಣ ಹೊಡೆಸುವ ಮೊದಲು ಪಕ್ಕದಲ್ಲಿ ಟೇಪ್ ಹಿಡಿದು ಒಂದು ಫೋಟೊ ತೆಗೆಯಿರಿ. ಯಾವ ವರ್ಷದ ನೀರು ಎಂದು ಬರೆದು ಕಮೆಂಟಿನಲ್ಲಿ ಹಾಕಿ. ನಮ್ಮ ಅಡುಗೆಮನೆಯದ್ದನ್ನು ನಾನು ಮೊದಲು ಹಾಕುತ್ತೇನೆ.