ಹಳೇ ಗಣಿ ಮ್ಯಾಲಿನ ನೆಲ: ಮೊದಲು ಬೋರ್ ಹೊಡೀರಿ, ಆಮ್ಯಾಲೆ ಮಾಡೆಲ್

ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳೇ ಚಿನ್ನದ ಗಣಿಗಳ ಮಾತು ಬಂದಾಗಲೆಲ್ಲ ಒಬ್ಬರಾದರೂ ಹೇಳ್ತಾರೆ: "ಕಂಪ್ಯೂಟರಿಗೆ ಹಾಕ್ರಿ, ಎಲ್ಲಿ ಕುಸೀತೈತಿ ಅಂತ ಗೊತ್ತಾಗತೈತಿ." ಹಾಕೋದೇನನ್ನು ಅಂತ ಮಾತ್ರ ಯಾರೂ ಕೇಳೋದಿಲ್ಲ.

ಬಹಳಷ್ಟು ಸಲ ಹಾಕೋದು ಕಲ್ಲಿದ್ದಲಿನ ಸೂತ್ರ. ಕಲ್ಲಿದ್ದಲು ಚಾಪೆ ಹಾಸಿದ ಹಾಗೆ ಮಲಗಿರುತ್ತದೆ, ತೆಗೆದರೆ ಮೇಲಿನ ನೆಲ ಅಗಲಕ್ಕೆ ತಗ್ಗಾಗುತ್ತದೆ. ಚಿನ್ನ ಇರೋದು ಬೆಣಚುಕಲ್ಲಿನ ಕಿರಿದಾದ, ಕಡಿದಾದ ಎಳೆಗಳಲ್ಲಿ. ಇಲ್ಲಿ ತಗ್ಗು ಬೀಳೋದಿಲ್ಲ, ಒಮ್ಮೆಲೇ ಗುಂಡಿ ಬೀಳುತ್ತದೆ.

ಕೈಲೆಕ್ಕವೂ ಇಲ್ಲಿ ಮೋಸ ಮಾಡುತ್ತದೆ. ಸೂರಿನಿಂದ ಕಳಚಿದ ಕಲ್ಲು ಪುಡಿಯಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಪೊಳ್ಳಿನ (ಅದಿರು ತೆಗೆದ ಮೇಲೆ ಉಳಿದ ಖಾಲಿ ಜಾಗದ) ಎತ್ತರ 2 ಮೀಟರ್, ಉಬ್ಬು ಶೇ 25 ಅಂತಿಟ್ಟರೆ, 2 ಭಾಗಿಸು 0.25, ಅಂದರೆ 8 ಮೀಟರ್ ಮೇಲೇರುವಷ್ಟರಲ್ಲಿ ಪೊಳ್ಳು ತಾನೇ ತುಂಬಿ ಕುಸಿತ ನಿಲ್ಲಬೇಕು. ಸಮತಟ್ಟಾದ ಗಣಿಗೆ ಸರಿ. ಕಡಿದಾದ ಗಣಿಯಲ್ಲಿ ಬಿದ್ದ ಕಲ್ಲು ಕೆಳಗಿನ ಹಂತಕ್ಕೆ ಜಾರುತ್ತದೆ, ಮಳೆನೀರು ಸಣ್ಣ ಪುಡಿಯನ್ನು ಒಯ್ಯುತ್ತದೆ. ಪೊಳ್ಳು ತುಂಬೋದೇ ಇಲ್ಲ, ಮೇಲಕ್ಕೇರುತ್ತಲೇ ಇರುತ್ತದೆ.

ನೆಲ, ಬಂಡೆಗಳ ಚಲನೆ ಲೆಕ್ಕ ಹಾಕುವ ಫ್ಲಾಕ್‌ನಂಥ (FLAC) ಸಾಫ್ಟ್‌ವೇರ್‌ನಲ್ಲಿ ಮೊದಲು ಗಣಿಯೇ ಇಲ್ಲದ ನೆಲಕ್ಕೆ ಸ್ವಂತ ಭಾರ ಕೊಟ್ಟು ಸಮತೋಲಕ್ಕೆ ತರಬೇಕು. ಆಗ ಬಂದ ಚಲನೆಯನ್ನು ಸೊನ್ನೆ ಮಾಡಿ, ಆಮೇಲೆ ಪೊಳ್ಳು ಕೊರೆಯಬೇಕು. ಈ ಸೊನ್ನೆ ಮರೆತರೆ ನೆಲ ಸುಮ್ಮಸುಮ್ಮನೆ ಕುಸಿದಂತೆ ತೋರುತ್ತದೆ. ಮಾಡೆಲ್ ನೆಲವನ್ನು ಸಣ್ಣ ಸಣ್ಣ ಕೋಶಗಳಾಗಿ ಹಂಚುತ್ತದೆ, ಪೊಳ್ಳಿನ ಅಗಲದಲ್ಲಿ ಹತ್ತಾದರೂ ಕೋಶ ಇರಲಿ. ಶಿಸ್ಟ್ ಕಲ್ಲಿಗೆ ಪದರಗಳ ದಿಕ್ಕು ಕೊಡಲೇಬೇಕು, ಅದು ಪದರದಗುಂಟ ಬೇಗ ಬಿಡುತ್ತದೆ.

ಇಷ್ಟಾದರೂ ಪೊಳ್ಳು ಇರೋ ಜಾಗ ತಪ್ಪಿದರೆ ಎಲ್ಲಾ ದಂಡ. ಬ್ರಿಟಿಷರ ಕಾಲದ ನಕ್ಷೆಯನ್ನು ಇಂದಿನ ನಕ್ಷೆಗೆ ಹೊಂದಿಸುವಾಗ ಹತ್ತು ಮೀಟರ್ ಸರಿದರೆ, ಮೂರು ಮೀಟರ್ ಅಗಲದ ಪೊಳ್ಳು ಪಕ್ಕದ ಹೊಲಕ್ಕೇ ಹೋಗುತ್ತದೆ. ಎರೆಮಣ್ಣಿನಲ್ಲಿ ಜಿಪಿಆರ್ (ನೆಲದೊಳಗೆ ರೇಡಾರ್ ಅಲೆ ಬಿಟ್ಟು ನೋಡುವ ಯಂತ್ರ) ನಡೆಯೋದಿಲ್ಲ, ಜೇಡಿ ಅದರ ಅಲೆಯನ್ನು ನುಂಗಿಬಿಡುತ್ತದೆ. ವಿದ್ಯುತ್ ರೋಧಕತೆಯ ಸರ್ವೆ ಮಾಡಿ, ಅನುಮಾನ ಬಂದಲ್ಲಿ ಬೋರ್ ಹೊಡೆದು ಕ್ಯಾಮೆರಾ ಇಳಿಸಬೇಕು. ಸಾಫ್ಟ್‌ವೇರ್ ಲೈಸೆನ್ಸಿಗೆ ರೊಕ್ಕ ಸುರಿಯುವ ಮುಂಚೆ ಇದಕ್ಕೆ ಖರ್ಚು ಮಾಡಿರಿ.

ಉಪಗ್ರಹ ಐತಲ್ಲ ಅಂತೀರೇನು? ನೆಲದ ಏರಿಳಿತವನ್ನು ರೇಡಾರ್‌ನಿಂದ ಅಳೆಯಲು ಬಳಸುವ ಸೆಂಟಿನೆಲ್-1 ಉಪಗ್ರಹ 12 ದಿನಕ್ಕೊಮ್ಮೆ ಅದೇ ಜಾಗ ನೋಡುತ್ತದೆ ನಿಜ. ಆದರೆ ಎರೆಹೊಲ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಇಳಿಯುತ್ತದೆ. ಗಣಿಯೇ ಇಲ್ಲದಲ್ಲೂ ಕುಸಿತ ಕಂಡೀತು. ರೇಡಾರ್ ಅಲೆಯನ್ನು ಉಪಗ್ರಹಕ್ಕೆ ಮರಳಿಸುವ ಪ್ರತಿಫಲಕವನ್ನು ಬಂಡೆಗೇ ಬಿಗಿದು, ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಅಳತೆ ಹಿಡಿದ ಮೇಲೆ ಆ ಅಂಕಿಯನ್ನು ಮಾಡೆಲ್ಲಿಗೆ ಕೊಡಿರಿ.