ಸ್ಪಷ್ಟನೆ: ಸ್ಯಾಕ್‌ಗಳ ಲೆಕ್ಕವೊಂದರಿಂದ ಲೈನ್ ಕೋಚ್‌ರ ಯೋಗ್ಯತೆ ತಿಳಿಯದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಎಷ್ಟು ಬಾರಿ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕುರುಳಿದ, ಮತ್ತು ತಂಡ ಚೆಂಡು ಹಿಡಿದು ಓಡಿದ ಪ್ರತಿ ಓಟಕ್ಕೆ ಸರಾಸರಿ ಎಷ್ಟು ಯಾರ್ಡ್ ಗಳಿಸಿತು ಎಂಬ ಎರಡು ಅಂಕಿಗಳಿಂದಲೇ ಅಫೆನ್ಸಿವ್ ಲೈನ್‌ನ (ಎದುರಾಳಿಗಳನ್ನು ತಡೆದು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ, ಓಟಕ್ಕೆ ದಾರಿ ಮಾಡಿಕೊಡುವ ಐವರ ಸಾಲಿನ) ಕೋಚ್ ಒಬ್ಬರನ್ನು ಅಳೆಯಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಈ ಅಂಕಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಸ್ಯಾಕ್‌ನ ನಷ್ಟವನ್ನು ತಂಡದ ಪಾಸಿಂಗ್ (ಎಸೆತದ) ಯಾರ್ಡ್‌ಗಳಿಂದ ಕಳೆದರೆ, ಕಾಲೇಜು ಆಟದಲ್ಲಿ ಸ್ಯಾಕನ್ನೂ ಒಂದು ಓಟವೆಂದೇ ಎಣಿಸಿ, ಓಟದ ಯಾರ್ಡ್‌ಗಳಿಂದ ಕಳೆಯುತ್ತಾರೆ. ಉದಾಹರಣೆಗೆ, 30 ಓಟಗಳಲ್ಲಿ 150 ಯಾರ್ಡ್ ಗಳಿಸಿದ ತಂಡದ ಸರಾಸರಿ 5. ಅದೇ ಪಂದ್ಯದಲ್ಲಿ 4 ಸ್ಯಾಕ್‌ಗಳಿಂದ 30 ಯಾರ್ಡ್ ಹೋದರೆ ದಾಖಲೆಯಲ್ಲಿ ಉಳಿಯುವುದು 34 ಓಟ, 120 ಯಾರ್ಡ್, ಅಂದರೆ ಸುಮಾರು 3.5. ಒಂದೇ ತಪ್ಪಿಗೆ ಕೋಚ್‌ಗೆ ಎರಡು ಬಾರಿ ದಂಡ ಬೀಳುವುದು ನ್ಯಾಯವಲ್ಲ.

ಆ ತಪ್ಪಾದರೂ ಲೈನ್‌ನದೇ ಎನ್ನುವಂತಿಲ್ಲ. ಐವರೂ ಮೂರು ಸೆಕೆಂಡು ಎದುರಾಳಿಗಳನ್ನು ಎದೆಯೊಡ್ಡಿ ತಡೆದ ಮೇಲೂ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದೇ ನಿಂತರೆ, ಇಲ್ಲವೇ ನುಗ್ಗಿಬರುವ ಎದುರಾಳಿ ಲೈನ್‌ಬ್ಯಾಕರ್‌ನನ್ನು ತಡೆಯಬೇಕಾದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಎಡವಿದರೆ, ಅಂಕಿಪಟ್ಟಿ ಆ ವ್ಯತ್ಯಾಸವನ್ನು ಹೇಳುವುದಿಲ್ಲ. ಓಟವನ್ನೇ ನೆಚ್ಚಿಕೊಂಡು ತೀರಾ ಕಡಿಮೆ ಪಾಸ್ ಎಸೆಯುವ, ಅಮೆರಿಕದ ಸೇನಾ ಅಕಾಡೆಮಿಯ ಆರ್ಮಿಯಂಥ ತಂಡಕ್ಕೆ ಸ್ಯಾಕ್‌ಗಳೂ ಸಹಜವಾಗಿ ಕಡಿಮೆ. (ಹಾಗೆಂದು ಆ ಲೈನ್ ಸಾಧಾರಣವಲ್ಲ, ಅತ್ಯುತ್ತಮ ಲೈನ್‌ಗೆ ಸಲ್ಲುವ ಜೋ ಮೂರ್ ಪ್ರಶಸ್ತಿಯನ್ನು 2024ರಲ್ಲಿ ಪಡೆದದ್ದು ಅದೇ.) ಎಸೆತಗಳ ಸಂಖ್ಯೆಯನ್ನು ಪಕ್ಕದಲ್ಲಿಡದೆ ಸ್ಯಾಕ್‌ಗಳನ್ನು ಹೋಲಿಸಬಾರದು, ಹೊಸದಾಗಿ ಬಂದ ಕೋಚ್‌ ಆದರೆ, ಹಿಂದಿನವರು ಆರಿಸಿ ತಂದ ಆಟಗಾರರೊಂದಿಗೆ ಅವರು ಕೆಲಸ ಮಾಡುತ್ತಿದ್ದಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.