ಸತ್ಯಾಂಶ: ಸಮಾರ್ಯದವನ ಛತ್ರ ಇದೇನಾ?

ಮಂಗಳೂರಿನ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂದಿದೆ. 'ಒಳ್ಳೆಯ ಸಮಾರ್ಯದವನು ಗಾಯಾಳುವನ್ನು ಸೇರಿಸಿದ ಛತ್ರ ಇದೇ, ಘಟನೆ ನಿಜ' ಅಂತ ಬರಹ.

ಜೆರುಸಲೇಮ್–ಜೆರಿಕೊ ದಾರಿ ನಿಜ. ಅಲ್ಲಿ ಆ ಹೆಸರಿನ ಜಾಗವೂ ಇದೆ. ಆದರೆ ಹೆಸರು ಬಂದದ್ದು ಕತೆಯಿಂದ. ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಸಾಮತಿ, ಅಂದರೆ ನೀತಿ ಹೇಳುವ ದೃಷ್ಟಾಂತ ಕತೆ, ವರದಿ ಅಲ್ಲ.

'ನನ್ನ ನೆರೆಯವನು ಯಾರು?' ಎಂದು ಧರ್ಮಶಾಸ್ತ್ರಿಯೊಬ್ಬ ಕೇಳಿದ್ದ. ಯೇಸು ನೇರ ಉತ್ತರ ಕೊಡಲಿಲ್ಲ, ಕತೆ ಹೇಳಿದರು. ಯಾಜಕ, ಲೇವಿಯ (ದೇವಾಲಯದ ಸೇವಕ) ಇಬ್ಬರೂ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ದಾಟಿಹೋದರು. ಯೆಹೂದ್ಯರಿಗೆ ಆಗದ ಸಮಾರ್ಯದವನೇ ನಿಂತು ನೆರವಾದ. ಆಮೇಲೆ ಯೇಸು ಪ್ರಶ್ನೆಯನ್ನೇ ತಿರುಗಿಸಿದರು: ಮೂವರಲ್ಲಿ ನೆರೆಯವನಾದವನು ಯಾರು? ಈಗ ಪ್ರಶ್ನೆ ಕೇಳಿದವನ ಬಾಯಿಂದಲೇ ಉತ್ತರ ಬರಬೇಕು, ಅಲ್ವಾ? ಸಾಮತಿಯ ಶಕ್ತಿ ಇರುವುದು ಇಲ್ಲಿ, ಛತ್ರದ ಕಲ್ಲಿನಲ್ಲಲ್ಲ. ನನ್ನನ್ನು ಜಾಸ್ತಿ ತಟ್ಟುವುದು ಆ ಧರ್ಮಶಾಸ್ತ್ರಿಯ ಮಾತು. 'ಸಮಾರ್ಯದವನು' ಎಂಬ ಪದ ಅವನ ಬಾಯಿಂದ ಬರುವುದಿಲ್ಲ. 'ದಯೆ ತೋರಿದವನೇ' ಎನ್ನುತ್ತಾನೆ, ಅಷ್ಟೇ.